ಹ್ಯಾಂಡಲಿನಿಂದ ಸೆಲ್ಫಿನವರೆಗೆ

ನಮ್ಮ ಗ್ಯಾರೇಜುಗಳಲ್ಲಿ 'ಸೆಲ್ಫ್ ಹಿಡೀತಿಲ್ಲ ಸಾರ್' ಎಂಬ ಮಾತನ್ನು ಕೇಳದವರು ವಿರಳ. 'ಸೆಲ್ಫ್' ಎಂದರೆ 'ತಾನೇ' ಎಂದರ್ಥವಷ್ಟೆ. ಮನುಷ್ಯನ ತೋಳಿನ ನೆರವಿಲ್ಲದೆ ಎಂಜಿನ್ನನ್ನು ತಾನೇ ಎಬ್ಬಿಸುವ ಸಾಧನಕ್ಕೆ ಒಂದು ಕಾಲದಲ್ಲಿ 'ಸೆಲ್ಫ್ ಸ್ಟಾರ್ಟರ್' ಎಂದು ಹೆಸರಿತ್ತು. ಅಮೆರಿಕನ್ನರು ಆ ಹೆಸರಿನ ಮೊದಲ ಅರ್ಧವನ್ನು ಕೈಬಿಟ್ಟರು. ನಾವು ಎರಡನೆಯದನ್ನು ಕೈಬಿಟ್ಟೆವು. ನನಗೇನೋ ನಾವು ಉಳಿಸಿಕೊಂಡ ತುಂಡೇ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ; ಆ ಒಂದು ಪದದ ಹಿಂದೆ ಮುರಿದ ಮಣಿಕಟ್ಟುಗಳ ಚರಿತ್ರೆಯೇ ಇದೆ.

ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ಹೊರಬಂದುದು 1908ರಲ್ಲಿ. ರೈತರು ಅದರ ಹಿಂಬದಿಗೆ ತಾವೇ ಮರದ ಪೆಟ್ಟಿಗೆ ಕಟ್ಟಿಕೊಂಡು ಹುಲ್ಲು, ಹಾಲು, ಹಂದಿಗಳನ್ನು ಸಾಗಿಸುತ್ತಿದ್ದರು. ಇದನ್ನು ಕಂಡ ಕಂಪನಿಯು 1925ರಲ್ಲಿ ಕಾರ್ಖಾನೆಯಲ್ಲಿಯೇ ಸರಕಿನ ತೊಟ್ಟಿ ಜೋಡಿಸಿದ ಪಿಕಪ್ ಗಾಡಿಯನ್ನು 281 ಡಾಲರುಗಳಿಗೆ ಮಾರಲು ಆರಂಭಿಸಿತು. ಆ ಬೆಲೆಗೆ ದೊರೆಯುತ್ತಿದ್ದುದು ಮುಂಭಾಗದಲ್ಲಿ ಹ್ಯಾಂಡಲು ಉಳ್ಳ ಗಾಡಿ. ಸೆಲ್ಫ್ ಬೇಕೆಂದರೆ ಹಣ ಬೇರೆ.

ಆ ಗಾಡಿಯನ್ನು ಎಬ್ಬಿಸುವುದು ಒಂದು ವ್ರತದಂತಿತ್ತು. ಸ್ಟಿಯರಿಂಗಿನ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಸನ್ನೆ. ಬಲಗಡೆಯದು ಪೆಟ್ರೋಲಿನ ಪ್ರಮಾಣಕ್ಕೆ, ಎಡಗಡೆಯದು ಕಿಡಿ ಹಾರುವ ಕ್ಷಣವನ್ನು ಹಿಂದುಮುಂದು ಮಾಡುವುದಕ್ಕೆ. ಎಂಜಿನ್ನು ವೇಗವಾಗಿ ಓಡುವಾಗ ಪಿಸ್ಟನ್ನು ತುದಿ ಮುಟ್ಟುವುದಕ್ಕೆ ತುಸು ಮುಂಚೆಯೇ ಕಿಡಿ ಬೇಕು. ಕೈಯಿಂದ ನಿಧಾನವಾಗಿ ತಿರುಗಿಸುವಾಗ ತುದಿ ದಾಟಿದ ಮೇಲೆಯೇ ಹಾರಬೇಕು. ಎಡಗಡೆಯ ಸನ್ನೆಯನ್ನು ಮೇಲಕ್ಕೆತ್ತಲು ಮರೆತರೆ, ಏರುತ್ತಿರುವ ಪಿಸ್ಟನ್ನನ್ನು ಸ್ಫೋಟವು ಹಿಂದಕ್ಕೆ ತಳ್ಳುತ್ತದೆ. ಹ್ಯಾಂಡಲು ಕೋಪಗೊಂಡ ಹೋರಿಯಂತೆ ಉಲ್ಟಾ ಹೊಡೆಯುತ್ತದೆ. ಆದುದರಿಂದಲೇ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು, ಎಡಗೈಯಿಂದ ಮೇಲಕ್ಕೆಳೆಯಬೇಕೇ ಹೊರತು ಕೆಳಕ್ಕೆ ಒತ್ತಬಾರದು ಎಂಬ ಕಟ್ಟಳೆ. ಹೆಬ್ಬೆರಳಿನ ಬದಿಯ ಮಣಿಕಟ್ಟಿನ ಎಲುಬು ಮುರಿಯುವುದನ್ನು ವೈದ್ಯರು ಇಂದಿಗೂ 'ಶಾಫರನ ಮುರಿತ' ಎಂದೇ ಕರೆಯುತ್ತಾರೆ. ಶಾಫರನೆಂದರೆ ಕಾರಿನ ಚಾಲಕ.

ಚಳಿಗಾಲದಲ್ಲಿ ಇನ್ನೂ ಕಷ್ಟ. ಗೇರುಪೆಟ್ಟಿಗೆಯೊಳಗಿನ ಎಣ್ಣೆ ಗಟ್ಟಿಯಾಗಿ ಎಂಜಿನ್ನನ್ನೂ ಚಕ್ರವನ್ನೂ ಅಂಟಿಸಿಬಿಡುತ್ತಿತ್ತು. ಹಿಂದಿನ ಒಂದು ಚಕ್ರವನ್ನು ಜಾಕಿನ ಮೇಲೆತ್ತಿ ಹ್ಯಾಂಡಲು ತಿರುಗಿಸುವುದು ರೈತರು ಕಂಡುಕೊಂಡ ಉಪಾಯ. ಪೆಟ್ರೋಲು ಎಂಜಿನ್ನಿಗೆ ಇಳಿಯುತ್ತಿದ್ದುದು ಪಂಪಿನಿಂದಲ್ಲ, ಬರಿಯ ಎತ್ತರದಿಂದ. ಟ್ಯಾಂಕು ಅರೆಬರಿದಾಗಿದ್ದರೆ ಕಡಿದಾದ ಏರಿನಲ್ಲಿ ಎಂಜಿನ್ನು ನಿಲ್ಲುತ್ತಿತ್ತು. ಜನರು ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿಯೇ ಗುಡ್ಡ ಹತ್ತಿಸುತ್ತಿದ್ದರು!

ಈ ಹ್ಯಾಂಡಲಿನಿಂದ ಬಿಡುಗಡೆ ಕೊಟ್ಟವನು ಚಾರ್ಲ್ಸ್ ಕೆಟರಿಂಗ್. ಇವನು ಒಹಾಯೋ ರಾಜ್ಯದ ಶಾಲೆಗಳಲ್ಲಿ ಕೆಲಕಾಲ ಪಾಠ ಹೇಳಿದ್ದವನು ಎಂಬುದನ್ನು ಮೇಷ್ಟರಾದ ನಾನು ಹೇಳದೆ ಬಿಡಲಾರೆ. ಮುಂದೆ ಎಂಜಿನಿಯರನಾಗಿ, ಅಂಗಡಿಗಳ ನಗದು ಪೆಟ್ಟಿಗೆಗೆ ವಿದ್ಯುತ್ ಮೋಟಾರು ಅಳವಡಿಸಿದ. ಬೈರನ್ ಕಾರ್ಟರ್ ಎಂಬ ಕಾರು ತಯಾರಕನು ನಿಂತ ಗಾಡಿಯೊಂದಕ್ಕೆ ನೆರವಾಗಲು ಹೋಗಿ, ಹ್ಯಾಂಡಲಿನ ಏಟು ತಿಂದು 1908ರಲ್ಲಿ ಸತ್ತನೆಂದೂ, ಅದರಿಂದ ನೊಂದ ಕ್ಯಾಡಿಲ್ಯಾಕ್ ಕಂಪನಿಯ ಹೆನ್ರಿ ಲೀಲಂಡ್ ಕೆಟರಿಂಗನಿಗೆ ಈ ಕೆಲಸ ಒಪ್ಪಿಸಿದನೆಂದೂ ಪ್ರತೀತಿ. ಅದರ ವಿವರಗಳನ್ನು ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ಎಂಜಿನ್ನನ್ನು ತಿರುಗಿಸಬಲ್ಲ ಮೋಟಾರು ಎಂಜಿನ್ನಿನಷ್ಟೇ ದೊಡ್ಡದಿರಬೇಕೆಂದು ಅಂದಿನ ಹಲವರ ಲೆಕ್ಕಾಚಾರ. ನಗದು ಪೆಟ್ಟಿಗೆಯ ಅನುಭವವಿದ್ದ ಕೆಟರಿಂಗನಿಗೆ ಬೇರೆಯೇ ಹೊಳೆಯಿತು: ಕೆಲಸ ಕೆಲವೇ ಕ್ಷಣಗಳದ್ದಾದರೆ ಸಣ್ಣ ಮೋಟಾರಿಗೂ ಅದರ ಶಕ್ತಿಗೆ ಮೀರಿದ ಹೊರೆ ಹೊರಿಸಬಹುದು, ಅದು ಸುಟ್ಟುಹೋಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. 1912ರ ಕ್ಯಾಡಿಲ್ಯಾಕ್ ಕಾರುಗಳು ಸೆಲ್ಫ್ ಸಹಿತವಾಗಿ ಬಂದವು.

ಕ್ಯಾಡಿಲ್ಯಾಕ್ ಸಿರಿವಂತರ ಗಾಡಿ. ಮಾಡೆಲ್ ಟಿಯಲ್ಲಿ ಸೆಲ್ಫ್ ಕಾಣಿಸಿಕೊಂಡುದು 1919ರಲ್ಲಿ. ಆರು ವರ್ಷಗಳ ತರುವಾಯ ಬಂದ 1925ರ ಪಿಕಪ್ಪಿನಲ್ಲಿಯೂ ಅದು ದುಡ್ಡು ಕೊಟ್ಟವರಿಗೆ ಮಾತ್ರ. ಮಣಿಕಟ್ಟು ಉಳಿಸಿಕೊಳ್ಳುವುದಕ್ಕೂ ಬೆಲೆಪಟ್ಟಿ ಇತ್ತು. ಗಾಡಿಯನ್ನು ದಿನಕ್ಕೆ ಹತ್ತು ಸಲ ನಿಲ್ಲಿಸಿ ಎಬ್ಬಿಸುತ್ತಿದ್ದ ರೈತನಿಗೇ ಅದು ಕೊನೆಯಲ್ಲಿ ದಕ್ಕಿದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಸೆಲ್ಫಿನೊಡನೆ ಹೊಸ ಕಾಯಿಲೆಗಳೂ ಬಂದವು. 1947ರಿಂದ 1955ರ ಆರಂಭದವರೆಗೆ ಬಂದ ಷೆವರ್ಲೆ ಪಿಕಪ್ಪುಗಳನ್ನು ಅಮೆರಿಕದಲ್ಲಿ ಇಂದಿಗೂ ಅಕ್ಕರೆಯಿಂದ ಸಾಕಿಕೊಂಡವರಿದ್ದಾರೆ. ಅವುಗಳಲ್ಲಿ ಸೆಲ್ಫನ್ನು ಕಾಲಿನಿಂದ ಪೆಡಲು ತುಳಿದು ಹಿಡಿಸಬೇಕು. ಬ್ಯಾಟರಿ 6 ವೋಲ್ಟಿನದು. ಎಂಜಿನ್ನು ನರಳುತ್ತ ನಿಧಾನವಾಗಿ ತಿರುಗಿದರೆ ಹಲವರು ಮೊದಲು ಬ್ಯಾಟರಿಯನ್ನು ಬೈಯುತ್ತಾರೆ. ಬಹಳ ಸಲ ತಪ್ಪಿರುವುದು ಕೇಬಲ್ಲಿನಲ್ಲಿ. ಅಷ್ಟೇ ಶಕ್ತಿಗೆ 6 ವೋಲ್ಟಿನಲ್ಲಿ 12 ವೋಲ್ಟಿನ ಎರಡರಷ್ಟು ವಿದ್ಯುತ್ ಹರಿಯಬೇಕು. ಆದ್ದರಿಂದ ಅದೇ ತಂತಿಯಲ್ಲಿ ನಷ್ಟದ ಪಾಲು ನಾಲ್ಕು ಪಟ್ಟು. ಈಗಿನ ಕಾರುಗಳ ತೆಳ್ಳನೆಯ ಕೇಬಲ್ಲನ್ನು ಹಳೆಯ ಗಾಡಿಗೆ ಹಾಕಿದರೆ ಹೊಸ ಬ್ಯಾಟರಿಯೂ ಮುದಿಯಂತೆ ವರ್ತಿಸುತ್ತದೆ. ಬ್ಯಾಟರಿ ತುದಿಗಳ ಬಿಳಿ ಪುಡಿ, ಬಣ್ಣದ ಮೇಲೆಯೇ ಬಿಗಿದ ಅರ್ತಿಂಗ್ ತಂತಿ ಕೂಡ ಇದೇ ಜಾತಿಯ ಕಳ್ಳರು. ಅಮೆರಿಕದ ತಯಾರಕರು 1950ರ ದಶಕದಲ್ಲಿ 12 ವೋಲ್ಟಿಗೆ ಹೊರಳಲು ದೊಡ್ಡ ಎಂಜಿನ್ನುಗಳನ್ನು ತಿರುಗಿಸುವ ಈ ಕಷ್ಟವೂ ಒಂದು ಕಾರಣ.

ಸೆಲ್ಫ್ ಬಂದ ಮೇಲೂ ಹ್ಯಾಂಡಲು ಒಮ್ಮೆಲೇ ಮಾಯವಾಗಲಿಲ್ಲ. ನಮ್ಮ ಕಡೆಯ ಹಳೆಯ ಜೀಪು, ಅಂಬಾಸಿಡರುಗಳ ಮುಂಭಾಗದಲ್ಲಿಯೂ ಅದಕ್ಕೊಂದು ತೂತು ಇರುತ್ತಿತ್ತು. ಅದು ಬರಿಯ ಆಪದ್ಬಾಂಧವನಲ್ಲ, ರೋಗ ಹೇಳುವ ವೈದ್ಯನೂ ಹೌದು. ಹ್ಯಾಂಡಲು ಹೊಡೆದೊಡನೆ ಎಂಜಿನ್ನು ಎದ್ದರೆ ಪೆಟ್ರೋಲೂ ಕಿಡಿಯೂ ಸರಿಯಿವೆ. ದೋಷವಿರುವುದು ಬ್ಯಾಟರಿ, ಕೇಬಲ್ಲು, ಇಲ್ಲವೆ ಸೆಲ್ಫಿನಲ್ಲಿ. ಏಳದಿದ್ದರೆ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಕಿಡಿ ನೋಡಬೇಕು, ಆಮೇಲೆ ಕಾರ್ಬುರೇಟರಿಗೆ ಪೆಟ್ರೋಲು ಬರುತ್ತಿದೆಯೇ ಎಂದು ನೋಡಬೇಕು. ಕೈಗೆ ಸಿಗುವ ಬಿಗಿಯೂ ಒಂದು ಸುದ್ದಿಯೇ: ನಾಲ್ಕರಲ್ಲಿ ಒಂದು ಸಿಲಿಂಡರು ಸಡಿಲವಾಗಿ ದಾಟಿದರೆ ಅಲ್ಲಿ ವಾಲ್ವೋ ರಿಂಗೋ ಸೋರುತ್ತಿದೆಯೆಂದು ತೋಳಿಗೇ ತಿಳಿಯುತ್ತದೆ.