ವೈನಿಯ ಗಾಳಿ

ಆ ವರ್ಷ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಲು ಇಳಕಲ್ಲಿನ ನಮ್ಮ ಮನೆಯಲ್ಲಿ ಎಲ್ಲ ತಯಾರಿಯೂ ಮುಗಿದಿತ್ತು. ಸಜ್ಜೆ ರೊಟ್ಟಿಯ ಬುತ್ತಿ ಕಟ್ಟಿಯಾಗಿತ್ತು. ಹೊರಡುವ ಹಿಂದಿನ ಎರಡು ದಿನಗಳಲ್ಲಿ ಮೊದಲು ವೈನಿ, ಆಮೇಲೆ ಅವ್ವ, ಕೊನೆಗೆ ನಾನು, ಮೂವರೂ ಹೊರಗಾದೆವು. ಜಾತ್ರೆ ತಪ್ಪಿತು. ಮಗ್ಗ ಮುಟ್ಟುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ಅಜ್ಜಿ ಒಬ್ಬಳೇ ಒಲೆಯ ಮುಂದೆ ಕೂತು, "ಹೊಸದಾಗಿ ಬಂದಾಕಿ ಗಾಳಿ ಎಲ್ಲಾರಿಗೂ ತಾಕೇತಿ ನೋಡ್ರಿ" ಅಂದಳು. ಮದುವೆಯಾಗಿ ಎರಡು ತಿಂಗಳೂ ಆಗಿರದ ವೈನಿ ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಳು. ಆ ಮಾತು ಮಾತ್ರ ಮನೆಯಲ್ಲಿ ಬಹಳ ದಿನ ಉಳಿಯಿತು.

ಮುಂದೆ ಬಾಗಲಕೋಟೆಯಲ್ಲಿ ಕಾಲೇಜು ಓದುವಾಗ ಲೈಬ್ರರಿಯ ಒಂದು ಪತ್ರಿಕೆಯಲ್ಲಿ ನನಗೊಂದು ಲೇಖನ ಸಿಕ್ಕಿತು. ಮಾರ್ಥಾ ಮೆಕ್ಲಿಂಟಾಕ್ ಎಂಬಾಕೆ ಅಮೆರಿಕದ ವೆಲೆಸ್ಲಿ ಕಾಲೇಜಿನ ಹಾಸ್ಟೆಲ್ಲಿನಲ್ಲಿ 135 ಹುಡುಗಿಯರ ಮುಟ್ಟಿನ ದಿನಗಳನ್ನು ಬರೆದಿಟ್ಟು, ಒಟ್ಟಿಗಿರುವ ಗೆಳತಿಯರ ದಿನಗಳು ಬರುಬರುತ್ತ ಹತ್ತಿರವಾಗುತ್ತವೆ ಎಂದು 1971ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದಳು. ಇದಕ್ಕೆ ಕಾರಣ ಕಣ್ಣಿಗೆ ಕಾಣದ, ಮೂಗಿಗೂ ಗೊತ್ತಾಗದ ಯಾವುದೋ ಮೈವಾಸನೆ ಇರಬಹುದೆಂದು ಹಲವರು ನಂಬಿದರು. ಅದಕ್ಕೊಂದು ಹೆಸರೂ ಇತ್ತು, ಫೆರೋಮೋನ್. ಅಜ್ಜಿ ಹೇಳಿದ್ದು ಖರೇ ಆಯಿತಲ್ಲ ಎಂದು ನನಗೆ ಹಿಗ್ಗು. ರಜೆಗೆ ಊರಿಗೆ ಬಂದವಳೇ ವೈನಿಗೆ ಹೇಳಿದೆ. ಆಕೆ ಕಂಡಿಕೆ ಸುತ್ತುತ್ತಿದ್ದ ಕೈ ನಿಲ್ಲಿಸಿ, "ಹಂಗಾರ ತಪ್ಪು ನಂದ ಅಂತಾತು" ಅಂದಳು. ನನ್ನ ಹಿಗ್ಗು ಅಲ್ಲೇ ಇಳಿಯಿತು.

ಆ ಹೆಸರು ಬಂದ ದಾರಿ ನಮ್ಮ ಇಳಕಲ್ಲಿಗೆ ತೀರ ದೂರದ್ದಲ್ಲ. ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಕೊಂಡಿ ಹಾಕಿ ಕೂಡಿಸುವ ಟೋಪ್ ತೆನಿ ಸೆರಗು ರೇಷ್ಮೆಯದು. ಆ ರೇಷ್ಮೆ ಕೊಡುವ ಹುಳವೇ ಬೆಳೆದು ಪತಂಗವಾದಾಗ, ಹೆಣ್ಣು ಕೂತಲ್ಲೇ ಒಂದು ವಾಸನೆ ಬಿಡುತ್ತದೆ. ಗಂಡು ರೆಕ್ಕೆ ಬಡಿಯುತ್ತ ಅದರ ಜಾಡು ಹಿಡಿದು ಬರುತ್ತದೆ. ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಸುಮಾರು 20 ವರ್ಷ ದುಡಿದು, 5 ಲಕ್ಷದಷ್ಟು ಹೆಣ್ಣು ಪತಂಗಗಳ ಗ್ರಂಥಿಗಳಿಂದ ಕೆಲವೇ ಮಿಲಿಗ್ರಾಂ ಸಾರ ತೆಗೆದು, 1959ರಲ್ಲಿ ಆ ವಸ್ತುವನ್ನು ಗುರುತಿಸಿದ. ಬಾಂಬಿಕಾಲ್ ಎಂದು ಹೆಸರಿಟ್ಟ. ಅದೇ ವರ್ಷ ಕಾರ್ಲ್‌ಸನ್ ಮತ್ತು ಲ್ಯೂಷರ್ ಎಂಬಿಬ್ಬರು ಇಂಥ ವಸ್ತುಗಳಿಗೆಲ್ಲ ಫೆರೋಮೋನ್ ಎಂಬ ಪದ ಕಟ್ಟಿದರು. ಪತಂಗಕ್ಕೆ ಇದ್ದದ್ದು ಮನುಷ್ಯರಿಗೂ ಇರಬೇಕೆಂಬ ಆಸೆ ಹುಟ್ಟಲು ತಡವಾಗಲಿಲ್ಲ. 1998ರಲ್ಲಿ ಮೆಕ್ಲಿಂಟಾಕ್ ಮತ್ತು ಸ್ಟರ್ನ್ ಕೆಲವು ಹೆಂಗಸರ ಕಂಕುಳಿನ ಬೆವರನ್ನು ಅರಳೆಯಲ್ಲಿ ಹಿಡಿದು ಬೇರೆ ಹೆಂಗಸರ ಮೇಲ್ದುಟಿಗೆ ಸವರಿ, ಮುಟ್ಟಿನ ಅವಧಿ ಹೆಚ್ಚುಕಡಿಮೆ ಆಗುತ್ತದೆ ಎಂದರು. ಸುಗಂಧದ ವ್ಯಾಪಾರಿಗಳಿಗೂ ಇದರಿಂದ ಸುಗ್ಗಿಯಾಯಿತು.

ಆದರೆ ಲೆಕ್ಕ ಕೂಡಿ ನೋಡಿದವರು ಬೇರೆಯದನ್ನೇ ಹೇಳಿದರು. ಮೊದಲಿನ ಅಧ್ಯಯನಗಳ ಎಣಿಕೆಯಲ್ಲೇ ತಪ್ಪುಗಳಿವೆ ಎಂದು 1992ರಲ್ಲಿ ವಿಲ್ಸನ್ ಎಂಬಾತ ತೋರಿಸಿದ. ಆಫ್ರಿಕಾದ ಮಾಲಿ ದೇಶದ ಡೋಗೋನ್ ಜನರಲ್ಲಿ ಮುಟ್ಟಾದವರು ಬೇರೆ ಗುಡಿಸಲಿನಲ್ಲಿ ಇರುವ ರೂಢಿಯಿದೆ. ಬೆವರ್ಲಿ ಸ್ಟ್ರಾಸ್‌ಮನ್ ಎಂಬಾಕೆ ಎರಡು ವರ್ಷ ಕಾಲ ಆ ಗುಡಿಸಲಿಗೆ ಬಂದವರನ್ನು ಎಣಿಸಿದಳು. ದಿನಗಳು ಕೂಡಿಬರುವ ಕುರುಹು ಸಿಗಲಿಲ್ಲವೆಂದು 1997ರಲ್ಲಿ ಬರೆದಳು. ಚೀನಾದ ಹಾಸ್ಟೆಲ್ಲುಗಳ 186 ಯುವತಿಯರ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಅಲ್ಲೂ ಅದೇ ಉತ್ತರ. ಮನುಷ್ಯರಲ್ಲಿ ಫೆರೋಮೋನ್ ಇದೆಯೆಂದು ಇದುವರೆಗೆ ಸಿದ್ಧವಾಗಿಲ್ಲ, ಮೊದಲಿನಿಂದ ಹುಡುಕಬೇಕು ಎಂದು ಆಕ್ಸ್‌ಫರ್ಡಿನ ಟ್ರಿಸ್ಟ್ರಾಮ್ ವ್ಯಾಟ್ 2015ರಲ್ಲಿ ಹೇಳಿದ.

ಹಾಗಾದರೆ ನಾವು ಮೂವರು ಒಟ್ಟಿಗೆ ಹೊರಗಾದದ್ದು ಸುಳ್ಳೇ? ಸುಳ್ಳಲ್ಲ. ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಒಂದರ ಸಪ್ಪಳ ಬಿರುಸು, ಇನ್ನೊಂದರದು ನಿಧಾನ. ಕಿವಿಗೊಟ್ಟು ಕೂತರೆ ಸ್ವಲ್ಪ ಹೊತ್ತಿಗೆ ಎರಡೂ ಕೂಡಿ ಬಡಿಯುತ್ತವೆ, ಮತ್ತೆ ಅಗಲುತ್ತವೆ. ಒಂದು ಮಗ್ಗ ಇನ್ನೊಂದನ್ನು ಎಳೆದದ್ದಲ್ಲ. ಒಬ್ಬಳಿಗೆ 28 ದಿನ, ಇನ್ನೊಬ್ಬಳಿಗೆ 30 ದಿನವಾದರೆ ತಿಂಗಳಿಗೆರಡು ದಿನ ಹತ್ತಿರ ಬಂದು, ಕೂಡಿ, ದಾಟಿ ಹೋಗುತ್ತಾರೆ. ಇಬ್ಬರದೂ 28 ದಿನವೇ ಆದರೂ ನಡುವಿನ ಅಂತರ 14 ದಿನಕ್ಕಿಂತ ಹೆಚ್ಚಾಗುವಂತಿಲ್ಲ. ಸರಾಸರಿ ಹಿಡಿದರೆ 7 ದಿನ ಮಾತ್ರ. ಒಟ್ಟಿಗೆ ಹೊರಗಾದ ತಿಂಗಳು ಮನೆಯವರಿಗೆ ನೆನಪಿರುತ್ತದೆ, ಯಾಕೆಂದರೆ ಅಂದು ರೊಟ್ಟಿ ಬಡಿಯುವವರಿಲ್ಲ. ಬೇರೆಬೇರೆಯಾದ ತಿಂಗಳನ್ನು ಯಾರು ನೆನಪಿಟ್ಟಾರು?

ವಾಸನೆಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹುಟ್ಟಿದ ಕೆಲವೇ ದಿನಗಳ ಕೂಸು ತಾಯಿಯ ಎದೆಗಿಟ್ಟ ಅರಳೆಯ ಕಡೆಗೇ ಹೆಚ್ಚು ತಿರುಗುತ್ತದೆ ಎಂದು ಮ್ಯಾಕ್‌ಫಾರ್ಲೇನ್ 1975ರಲ್ಲಿ ತೋರಿಸಿಕೊಟ್ಟ. ಅವ್ವನ ಹಳೆಯ ಸೀರೆಯ ಕೌದಿಯಲ್ಲಿ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದು ಕೂಸು ತನ್ನ ತಾಯಿಯದೆಂದು ಕಲಿತ ವಾಸನೆ. ಪತಂಗದಂತೆ ಕುಲಕ್ಕೆಲ್ಲ ಒಂದೇ ಆದ ಆಜ್ಞೆಯಲ್ಲ.

ನನಗೆ ಕೊನೆಗೂ ಚುಚ್ಚುವುದು ಇನ್ನೊಂದು ಮಾತು. ಇಳಕಲ್ಲು ಆಗ ಹುನಗುಂದ ತಾಲ್ಲೂಕಿನಲ್ಲೇ ಇತ್ತು. ಬಸವಣ್ಣನವರು ಐಕ್ಯರಾದ ಕೂಡಲಸಂಗಮವೂ ಅದೇ ತಾಲ್ಲೂಕು. ಜನನ, ಮರಣ, ಜಾತಿ, ಎಂಜಲು, ರಜಸ್ಸು, ಈ ಐದೂ ಸೂತಕಗಳಲ್ಲವೆಂದು 12ನೇ ಶತಮಾನದ ಶರಣರ ಪರಂಪರೆ ಸಾರಿತು. ಅಷ್ಟು ಹತ್ತಿರದ ಮಾತು ನಮ್ಮ ಪಡಸಾಲೆಗೆ ತಲುಪಿರಲಿಲ್ಲ.

ಮೊನ್ನೆ ಊರಿಗೆ ಹೋದಾಗ ವೈನಿ ಮೊಮ್ಮಗಳಿಗೆಂದು ಕೌದಿ ಹೊಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಇದನ್ನೆಲ್ಲ ಹೇಳಿದೆ. ಗಾಳಿಯೂ ಇಲ್ಲ, ತಪ್ಪೂ ನಿನ್ನದಲ್ಲ ವೈನಿ ಅಂದೆ. ಆಕೆ ದಾರ ಕಡಿದು, "ಲೆಕ್ಕಾ ಇರ್ಲಿ ಬಿಡವಾ, ಹೊರಗ ಕೂಡಸೂದು ಬಿಟ್ಟಿದ್ರ ಅವತ್ತ ಜಾತ್ರಿಗೆ ಹೋಗತಿದ್ದಿವಿ" ಅಂದಳು.

ಈ ಸಲದ ಬನದ ಹುಣ್ಣಿಮೆಗೆ ಮೊಮ್ಮಗಳನ್ನು ಕರೆದುಕೊಂಡು ಎಲ್ಲರೂ ಬನಶಂಕರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಮನೆಯಲ್ಲಿ ಯಾರೂ ದಿನ ಎಣಿಸಿಲ್ಲ.