ಗಣಿಯೂರಿನ ಮತಗಣಿತ

ಕೋಲಾರದ ಚಿನ್ನದ ಗಣಿಯಲ್ಲಿ ಮನುಷ್ಯ ಮೂರು ಸಾವಿರ ಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದು, ಬಂಡೆಯೊಳಗಿನ ಚಿನ್ನದ ಅಂದಾಜನ್ನು ಕಟ್ಟಿದ. ಆದರೆ ಅದೇ ಊರಿನಲ್ಲಿ, ಯಾವ ಜನಾಂಗದವರು ಎಷ್ಟು ಮಂದಿ ಮತಗಟ್ಟೆಗೆ ಬಂದಾರೆಂಬ ಅಂದಾಜು ಇಂದಿಗೂ ಕೈಗೆ ಸಿಕ್ಕಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದ ಮೇಲೆ ಹಲವು ಜನಾಂಗಗಳು ಒಂದೆಡೆ ನೆರೆದವು. ಯುರೋಪಿಯನ್ ಅಧಿಕಾರಿಗಳು, ಆಂಗ್ಲೋ ಇಂಡಿಯನ್ನರು, ಉತ್ತರ ಆರ್ಕಾಟಿನ ತಮಿಳರು, ಚಿತ್ತೂರಿನ ಕಡೆಯ ತೆಲುಗರು, ಸುತ್ತಣ ಹಳ್ಳಿಗಳ ಕನ್ನಡಿಗರು. ಬಂಗಲೆಗಳ ಸಾಲೇ ಬೇರೆ, ಕೂಲಿ ಲೈನುಗಳೇ ಬೇರೆ. 1881ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಹುಟ್ಟಿತಾದರೂ ಅದರ ಬಾಗಿಲು ತೆರೆದದ್ದು ಆಸ್ತಿವಂತರಿಗೆ, ವರ್ತಕರಿಗೆ. ಮೊದಲ ಮಹಾಚುನಾವಣೆಯಲ್ಲಿ, 1952ರಲ್ಲಿ, ಸುರಂಗದ ಕೂಲಿಯ ಮತಕ್ಕೂ ಮೇಲಧಿಕಾರಿಯ ಮತಕ್ಕೂ ತೂಕ ಒಂದೇ ಆಯಿತು. ಕಮ್ಯುನಿಸ್ಟ್ ಪಕ್ಷದ ಕೆ.ಎಸ್. ವಾಸನ್ ಅಂದು ಇಲ್ಲಿಂದ ವಿಧಾನಸಭೆಗೆ ಆರಿಸಿಬಂದರು.

ಅಂದಿನಿಂದ ಲೆಕ್ಕ ಹಾಕುವವರಿಗೆ ಬಿಡುವಿಲ್ಲ. ಆದರೆ ಅವರ ಕೈಯಲ್ಲಿರುವುದೇನು? ಮತದಾರರ ಪಟ್ಟಿ ಮಾತೃಭಾಷೆಯನ್ನು ಹೇಳುವುದಿಲ್ಲ. ಹೆಸರಿನಿಂದ ಊಹಿಸೋಣವೆಂದರೆ, ಮುನಿಯಪ್ಪ ಕನ್ನಡಿಗನೂ ಆಗಬಹುದು, ತೆಲುಗನೂ ಆಗಬಹುದು. ಆಂಥೋಣಿ ತಮಿಳು ಕ್ರೈಸ್ತನೋ ಆಂಗ್ಲೋ ಇಂಡಿಯನ್ನನೋ ತಿಳಿಯದು. ಉಳಿದದ್ದು ಮತಗಟ್ಟೆಯ ಒಟ್ಟು ಮೊತ್ತ. ಒಂದು ಮತಗಟ್ಟೆಯಲ್ಲಿ ಎರಡು ಜನಾಂಗದ ಐವತ್ತೈವತ್ತು ಮಂದಿ ಇದ್ದು, ಅರವತ್ತು ಮತ ಬಿದ್ದಿತೆನ್ನಿ. ಎರಡೂ ಕಡೆಯಿಂದ ಮೂವತ್ತು ಮೂವತ್ತು ಮಂದಿ ಬಂದಿರಬಹುದು. ಒಂದು ಕಡೆಯ ಐವತ್ತೂ, ಇನ್ನೊಂದರ ಹತ್ತೇ ಮಂದಿಯೂ ಬಂದಿರಬಹುದು. ಮೊತ್ತ ಒಂದೇ, ಸತ್ಯ ಎರಡು.

ಇನ್ನು ಬರುವುದೂ ಬಾರದಿರುವುದೂ ಹುಟ್ಟಿನಿಂದಲೇ ತೀರ್ಮಾನವಾಗುವುದೆ? 2001ರಲ್ಲಿ ಗಣಿ ಮುಚ್ಚಿತು. ಸೈರನ್ನಿನ ಕೂಗಿಗೆ ಏಳುತ್ತಿದ್ದ ಲೈನುಗಳು ಈಗ ರೈಲಿನ ಹೊತ್ತಿಗೆ ಏಳುತ್ತವೆ. ಮಾರಿಕುಪ್ಪದಲ್ಲಿ ಹತ್ತಿ, ಬಂಗಾರಪೇಟೆಯನ್ನು ಹಾದು, ಬೆಂಗಳೂರಿನ ಕೆಲಸಕ್ಕೆ ಹೋಗುವವರಲ್ಲಿ ಎಲ್ಲ ಭಾಷೆಯವರೂ ಇದ್ದಾರೆ. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು 1996ರಲ್ಲಿ ಕಾನೂನಾಯಿತು. ಆದರೆ ಅಂದಂದಿನ ದುಡಿಮೆಯನ್ನು ತಾನೇ ಹುಡುಕಿಕೊಳ್ಳುವವನಿಗೆ ರಜೆ ಕೊಡುವ ಧಣಿ ಯಾರು?

ಊಹೆಯಿಂದ ಕೇಡೇನು ಎಂದು ಕೇಳಬಹುದು. ‘ಆ ಲೈನಿನವರು ಬರುವವರಲ್ಲ’ ಎಂದು ಮೊದಲೇ ಬರೆದುಕೊಂಡ ಅಭ್ಯರ್ಥಿ ಆ ಓಣಿಗೆ ಕಾಲಿಡುವುದಿಲ್ಲ. ತಮ್ಮನ್ನು ಕೇಳದವನಿಗಾಗಿ ಆ ಜನ ಒಂದು ದಿನದ ಕೂಲಿಯನ್ನು ಬಿಟ್ಟು ಬರುವುದಿಲ್ಲ. ಸಂಜೆ ಲೆಕ್ಕದವನು, ತನ್ನ ಊಹೆ ನಿಜವಾಯಿತೆಂದು ಹಿಗ್ಗುತ್ತಾನೆ. ಅದು ನಿಜವಾದದ್ದಲ್ಲ, ನಿಜ ಮಾಡಿದ್ದು.