ಸೆರಗಿಗೆ ಮೊದಲು ಕಾವಲು

ಹೊಸ ಗಾಡಿ ಮನೆಗೆ ಬಂದರೆ ನಮ್ಮಲ್ಲಿ ಮೊದಲು ಪೂಜೆ. ಗಾಲಿಯ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಹೆಡ್‌ಲೈಟಿನ ಮೇಲೆ ಅರಿಶಿನ ಕುಂಕುಮ. ಪೂಜೆಯ ನಂತರದ ಶಾಸ್ತ್ರ 'ಫಿಟ್ಟಿಂಗ್ಸ್'. ಸೀಟಿಗೊಂದು ಕವರು, ಮುಂದೆ ಲೆಗ್ ಗಾರ್ಡು, ಪಕ್ಕಕ್ಕೊಂದು ಡಬ್ಬ, ಹಾರ್ನಿನ ಜೋರು ಸಾಲದೆಂದು ಇನ್ನೊಂದು ಹಾರ್ನು. ಈ ಶಾಸ್ತ್ರಕ್ಕೂ ಒಂದು ಚರಿತ್ರೆ ಇದೆ. ರಾಜಮಹಾರಾಜರ ಚರಿತ್ರೆಯಷ್ಟು ಗಂಭೀರವಾದದ್ದಲ್ಲ ಎಂದು ಯಾರೂ ಬರೆದಿಡಲಿಲ್ಲವೋ ಏನೋ. ಆದರೆ ಗಾಡಿಯ ಮೇಲೆ ಕೂತವರಲ್ಲಿ ಯಾರ ಯಾವ ಅಂಗಕ್ಕೆ ಮೊದಲು ಕಾವಲು ಸಿಕ್ಕಿತು, ಯಾವುದಕ್ಕೆ ಕೊನೆಗೆ ಸಿಕ್ಕಿತು ಎಂದು ನೋಡುತ್ತ ಹೋದರೆ, ನಮ್ಮ ಹೆಣ್ಣುಮಕ್ಕಳ ಚರಿತ್ರೆಯ ಒಂದು ಪುಟವೇ ತೆರೆದುಕೊಳ್ಳುತ್ತದೆ.

ಹಿಂದಿನ ಗಾಲಿಯ ಎಡಗಡೆ ಕೂತಿರುವ ಆ ಕಬ್ಬಿಣದ ಜಾಲರಿಯನ್ನೇ ತೆಗೆದುಕೊಳ್ಳಿ. ಸೀರೆ ಗಾರ್ಡು ಎಂದು ನಾವೆಲ್ಲ ಕರೆಯುವ ಇದು ನಮ್ಮ ದೇಶದ್ದೇ ಆವಿಷ್ಕಾರ ಎಂದುಕೊಂಡಿದ್ದೆ. ಸೀರೆ ನಮ್ಮದಾದರೂ ಆ ಉಪಾಯ ಹಳೆಯದು. 1890ರ ದಶಕದಲ್ಲಿ ಇಂಗ್ಲೆಂಡಿನ ಹೆಂಗಸರು ಸೈಕಲ್ ಕಲಿತಾಗ ಅವರ ನೆಲ ಮುಟ್ಟುವ ಲಂಗಗಳು ಹಿಂದಿನ ಚಕ್ರಕ್ಕೆ ಸಿಕ್ಕುತ್ತಿದ್ದವು. ಅದಕ್ಕೆಂದು ಮಡ್‌ಗಾರ್ಡಿನ ಅಂಚಿನಿಂದ ಚಕ್ರದ ನಡುವಿನವರೆಗೆ ದಾರಗಳನ್ನು ಎಳೆದು ಕಟ್ಟಿ ಬಲೆಯಂತೆ ಮಾಡುತ್ತಿದ್ದರು. ಹೊರಸಿಗೆ ನುಲಿ ಹೆಣೆದ ಹಾಗೆ. ಆ ದಾರದ ಬಲೆಯೇ ನಮ್ಮಲ್ಲಿ ಕಬ್ಬಿಣದ ಜಾಲರಿಯಾಯಿತು ಎನ್ನಬಹುದು.

ಬಟ್ಟೆ ಚಕ್ರಕ್ಕೆ ಸಿಕ್ಕುವುದು ಹಗುರ ಸಂಗತಿಯಲ್ಲ. ಇಸಡೋರಾ ಡಂಕನ್ ಎಂಬ ಜಗತ್ಪ್ರಸಿದ್ಧ ನರ್ತಕಿ 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ತೆರೆದ ಕಾರಿನಲ್ಲಿ ಹೊರಟಳು. ಕತ್ತಿಗೆ ಸುತ್ತಿದ್ದ ಉದ್ದನೆಯ ರೇಷ್ಮೆ ವಸ್ತ್ರ ಗಾಳಿಗೆ ಹಾರಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಅಲ್ಲಿಯೇ ಅವಳ ಪ್ರಾಣ ಹೋಯಿತು. ದುಪಟ್ಟಾ ಹೆಗಲ ಹಿಂದೆ ಇಳಿಬಿಟ್ಟು ಗಾಡಿ ಹತ್ತುವ ಹುಡುಗಿಯರನ್ನು ಕಂಡಾಗಲೆಲ್ಲ ನನಗೆ ಆ ನರ್ತಕಿಯ ನೆನಪಾಗುತ್ತದೆ. ದುಪಟ್ಟಾ ಸೊಂಟಕ್ಕೆ ಬಿಗಿದು ಕಟ್ಟಬೇಕು, ಇಲ್ಲವೆ ಮಡಿಸಿ ಡಿಕ್ಕಿಯಲ್ಲಿಡಬೇಕು. (ಸೀಟಿನ ಕೆಳಗಿನ ಪೆಟ್ಟಿಗೆಗೂ ನಮ್ಮಲ್ಲಿ ಡಿಕ್ಕಿ, ಎದುರಿನ ಲಾರಿಗೆ ಹೊಡೆಯುವುದೂ ಡಿಕ್ಕಿ. ಈ ಭಾಷೆಯನ್ನು ಏನೆನ್ನೋಣ!)

ಗಾಡಿಗಳಲ್ಲಿ ಬಟ್ಟೆಯ ಯೋಚನೆ ಹೆಚ್ಚು ಮಾಡಿದ್ದು ಸ್ಕೂಟರು. ಇಟಲಿಯಲ್ಲಿ 1946ರಲ್ಲಿ ವೆಸ್ಪಾ ಹೊರಬಂದಿತು. ಅದನ್ನು ರೂಪಿಸಿದ ಕೊರಾದಿನೊ ದಸ್ಕಾನಿಯೊ ವಿಮಾನಗಳ ಎಂಜಿನಿಯರು. ಮೋಟಾರ್‌ಸೈಕಲ್ ಎಂದರೆ ಅವನಿಗೆ ಇಷ್ಟವೇ ಇರಲಿಲ್ಲವಂತೆ. ಕಾಲೆತ್ತಿ ದಾಟಬೇಕಾದ ಟ್ಯಾಂಕಿಲ್ಲದೆ, ಎಣ್ಣೆ ಮಸಿ ತಾಗದಂತೆ ಎಂಜಿನ್ ಮುಚ್ಚಿ, ಮುಂದೆ ಕೆಸರು ತಡೆಯುವ ತಗಡು ಇಟ್ಟು, ಲಂಗ ತೊಟ್ಟವಳೂ ಕೂರಬಹುದಾದ ಗಾಡಿ ಮಾಡಿದ. ಆದರೂ ನಮ್ಮಲ್ಲಿಗೆ ಬಂದ ಮೇಲೆ ಆ ಗಾಡಿಯ ಮುಂದಿನ ಸೀಟು ಬಹುಕಾಲ ಗಂಡಸಿನದೇ ಆಗಿತ್ತು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಜಾವಾ ಬೈಕಂತೂ ಕೇಳುವುದೇ ಬೇಡ. ನನ್ನ ಸೋದರಮಾವನ ಬಳಿ ಒಂದಿತ್ತು. ಕಿಕ್ಕರೂ ಗೇರೂ ಒಂದೇ ಸಲಾಕೆ. ಅದನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿ ಒದೆಯುವ ಠೀವಿ ನೋಡಲು ಬೀದಿಯ ಮಕ್ಕಳೆಲ್ಲ ಸೇರುತ್ತಿದ್ದೆವು. ಅತ್ತೆ ಹಿಂದೆ ಒಂದೇ ಕಡೆಗೆ ಕಾಲಿಳಿಬಿಟ್ಟು, ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಮಾವನ ಭುಜ ಹಿಡಿದು ಕೂರುತ್ತಿದ್ದರು. ಮಡಿಲಲ್ಲಿ ಮಗು, ಕೆಲವು ಸಲ ತರಕಾರಿ ಚೀಲ. ಊರಿಗೆ ಊರೇ ಹಾಗೆ ಕೂರುತ್ತಿತ್ತು.

ಈಗ ತಲೆಯ ವಿಷಯಕ್ಕೆ ಬರೋಣ. ಲಂಡನ್ನಿನ ಹತ್ತಿರದ ಬ್ರೂಕ್‌ಲ್ಯಾಂಡ್ಸ್ ಎಂಬ ಪಂದ್ಯದ ಬಯಲಿನಲ್ಲಿ ಎರಿಕ್ ಗಾರ್ಡನರ್ ಎಂಬ ವೈದ್ಯರಿದ್ದರು. ಬಿದ್ದ ಸವಾರರ ತಲೆಗಳನ್ನು ನೋಡಿ ನೋಡಿ ಬೇಸತ್ತು, ದಪ್ಪ ಕ್ಯಾನ್‌ವಾಸ್ ಬಟ್ಟೆಗೆ ಅರಗು ಬಳಿದು ಗಟ್ಟಿ ಮಾಡಿದ ಟೋಪಿಗಳನ್ನು ಹೊಲಿಸಿದರು. 1914ರ ಐಲ್ ಆಫ್ ಮ್ಯಾನ್ ಪಂದ್ಯದಲ್ಲಿ ಅವನ್ನು ಕಡ್ಡಾಯ ಮಾಡಿದರು. ಅರಗು ಎಂದೊಡನೆ ನಮಗೆ ಪಾಂಡವರ ಮನೆ ನೆನಪಾಗುತ್ತದೆ, ಚನ್ನಪಟ್ಟಣದ ಗೊಂಬೆ ನೆನಪಾಗುತ್ತದೆ. ಆ ಕಾಲದಲ್ಲಿ ಜಗತ್ತಿಗೆ ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ಮೊದಲ ಹೆಲ್ಮೆಟ್ಟುಗಳ ಗಟ್ಟಿತನದಲ್ಲಿ ನಮ್ಮ ಕಾಡಿನ ಪಾಲೂ ಇದ್ದಿರಬಹುದು.

ಆದರೆ ಅದು ಪಂದ್ಯದವರಿಗೆ. ಬೀದಿಯ ಸವಾರನ ತಲೆ ಇನ್ನೂ ಬರಿದಾಗಿಯೇ ಇತ್ತು. 1935ರ ಮೇ 13ರಂದು ಟಿ.ಇ. ಲಾರೆನ್ಸ್, ಅಂದರೆ 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಹೆಸರಾದವನು, ತನ್ನ ಬ್ರಫ್ ಸುಪೀರಿಯರ್ ಬೈಕಿನಲ್ಲಿ ಹೋಗುತ್ತಿದ್ದಾಗ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ತೀರಿಕೊಂಡ. ವಯಸ್ಸು 46. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರೂ ಒಬ್ಬರು. ಉಳಿಸಲಾಗಲಿಲ್ಲ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಯುದ್ಧ ಶುರುವಾಗಿ, ದೀಪ ಆರಿಸಿದ ಕತ್ತಲ ರಸ್ತೆಗಳಲ್ಲಿ ಸಂದೇಶ ಒಯ್ಯುವ ಬೈಕ್ ಸವಾರರು ಸಾಲುಸಾಲಾಗಿ ಸಾಯುತ್ತಿದ್ದಾಗ ಲೆಕ್ಕ ಹಾಕಿದರು. 21 ತಿಂಗಳಲ್ಲಿ 2,279 ಮಂದಿ. 1941ರಲ್ಲಿ ಅವರ ಲೇಖನ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೆಲ್ಮೆಟ್ ಹಾಕಿಕೊಂಡು ಬಿದ್ದವರು ಅವರಿಗೆ ಸಿಕ್ಕಿದ್ದು ಏಳೇ ಜನ, ಏಳೂ ಜನ ಬದುಕಿದ್ದರು. ಅದೇ ವರ್ಷ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಸಾಮಾನ್ಯ ಜನರಿಗೆ ಮೊದಲು ಕಾನೂನು ಬಂದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, 1961ರಲ್ಲಿ. ಕೇರ್ನ್ಸರ ಬ್ರಿಟನ್ನಿನಲ್ಲಿ 1973ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅವರು ತೀರಿಕೊಂಡು 21 ವರ್ಷಗಳಾಗಿದ್ದವು.

ಆ 2,279ರ ಲೆಕ್ಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಮಾತಿದೆ. ಕೇರ್ನ್ಸರು ಅದರಲ್ಲಿ ಬೈಕ್ ನಡೆಸುವವರ ಜೊತೆಗೆ ಹಿಂದೆ ಕೂತವರನ್ನೂ ಸೇರಿಸಿದ್ದರು. ಹಿಂದೆ ಕೂತವರ ತಲೆಯೂ ತಲೆಯೇ ಎಂದು 1941ರಲ್ಲಿಯೇ ಕಾಗದದ ಮೇಲೆ ಬಂದಿತ್ತು.

ನಮ್ಮ ದೇಶದ ಮೋಟಾರು ವಾಹನ ಕಾಯಿದೆ 1988ರದ್ದು. ಅದರ 129ನೆಯ ಕಲಮು ಗಾಡಿ ನಡೆಸುವವರಿಗೂ ಸವಾರಿ ಮಾಡುವವರಿಗೂ ಶಿರಸ್ತ್ರಾಣ ಬೇಕೆಂದಿತು. ಪೇಟ ಸುತ್ತಿದ ಸಿಖ್ಖರಿಗೆ ವಿನಾಯಿತಿ ಕೊಟ್ಟಿತು, ಮಿಕ್ಕ ವಿನಾಯಿತಿಗಳನ್ನು ರಾಜ್ಯಗಳಿಗೆ ಬಿಟ್ಟಿತು. ಅದರ ಮರುವರ್ಷ, 1989ರಲ್ಲಿ, ಕೇಂದ್ರದ ನಿಯಮಗಳು ಬಂದವು. ಅವುಗಳ 123ನೆಯ ನಿಯಮದ ಪ್ರಕಾರ ಪ್ರತಿ ಮೋಟಾರ್‌ಸೈಕಲ್ಲಿಗೂ ಹಿಂದೆ ಕೂತವರಿಗೆ ಕೈ ಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧವನ್ನಾದರೂ ಮುಚ್ಚುವ ಕಾವಲು ಇರಬೇಕು. ಒಳ್ಳೆಯ ನಿಯಮವೇ. ಆದರೆ ಜಾಲರಿ ಗಾಡಿಯೊಂದಿಗೆ ನಟ್ಟುಬೋಲ್ಟು ಹಾಕಿಸಿಕೊಂಡು ಬಂತು, ತಲೆಯ ಕಾವಲು ಒಂದೊಂದು ರಾಜ್ಯದ ಮನಸ್ಸಿಗೆ ಬಿಟ್ಟದ್ದಾಯಿತು. ದೆಹಲಿಯಲ್ಲಿ 2014ರವರೆಗೆ ಹೆಂಗಸರು ಇಷ್ಟವಿದ್ದರೆ ಹಾಕಬಹುದಿತ್ತು, ಇಲ್ಲದಿದ್ದರೆ ಇಲ್ಲ. ನಮ್ಮ ಬೆಂಗಳೂರಿನಲ್ಲಿ 2006ರ ಕೊನೆಯಲ್ಲಿ ಗಾಡಿ ನಡೆಸುವವರಿಗೆ ಬಿಗಿ ಮಾಡಿದರು. ಹಿಂದೆ ಕೂತವರಿಗೂ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಸೆರಗಿಗೆ ಕಾವಲು ಕೊಟ್ಟ ನಿಯಮಕ್ಕೂ ನಮ್ಮ ರಾಜ್ಯದಲ್ಲಿ ಸೆರಗು ಹೊದ್ದವಳ ತಲೆಗೆ ಕಾವಲು ಕೊಟ್ಟ ನಿಯಮಕ್ಕೂ ನಡುವೆ 27 ವರ್ಷ.

ಆ ವರ್ಷಗಳ ನಡುವೆ, 1997ರ ಮಳೆಗಾಲದಲ್ಲಿ, ನನ್ನ ಜೊತೆ ಪಾಠ ಮಾಡುತ್ತಿದ್ದ ಗೆಳತಿಯೊಬ್ಬರು ಗಂಡನ ಬೈಕಿನ ಹಿಂದಿನಿಂದ ಬಿದ್ದರು. ರಾತ್ರೋರಾತ್ರಿ ಹಾಕಿದ ರೋಡ್ ಹಂಪು, ಬಣ್ಣ ಬಳಿದಿರಲಿಲ್ಲ. ಗಂಡನ ತಲೆಯ ಮೇಲೆ ಹೆಲ್ಮೆಟ್ ಇತ್ತು, ಅವರು ಬೀಳಲೂ ಇಲ್ಲ. ಆಕೆ ಮೂರನೆಯ ದಿನ ಹೋದರು. ಮೈಮೇಲೆ ದೊಡ್ಡ ಗಾಯವಿರಲಿಲ್ಲ. ಉಟ್ಟ ಸೀರೆ ಒಂದೆಳೆಯೂ ಹರಿದಿರಲಿಲ್ಲ.

ಹೋದ ವರ್ಷ ನನ್ನ ತಂಗಿಯ ಮಗಳು ಸ್ವಂತ ಸಂಬಳದಲ್ಲಿ ಮೋಟಾರ್‌ಸೈಕಲ್ ಕೊಂಡಳು. ಸ್ಕೂಟಿಯಲ್ಲ, ಗೇರಿನ ಬೈಕೇ. ಅಂಗಡಿಯವರು ಕೊಟ್ಟ ಫಿಟ್ಟಿಂಗ್ಸ್ ಪಟ್ಟಿ ಹಿಡಿದು ಬಂದು, "ದೊಡ್ಡಮ್ಮಾ, ಇರೋ ದುಡ್ಡಲ್ಲಿ ಯಾವುದು ಮೊದಲು ತಗೊಳ್ಳಲಿ?" ಎಂದಳು. ಲೆಗ್ ಗಾರ್ಡೂ ಸೀಟ್ ಕವರೂ ಮುಂದಿನ ತಿಂಗಳಿಗೆ ಕಾಯಬಹುದು, ತಲೆ ಕಾಯುವುದಿಲ್ಲ ಎಂದೆ. "ಹೆಲ್ಮೆಟ್ಟು ಗಾಡಿ ಜೊತೆ ಕೊಡ್ತಾರಲ್ಲ" ಎಂದಳು. ಕೊಡಬೇಕು, ಅದೂ ನಿಯಮವೇ. ಆದರೆ ಕೊಡುವ ಆ ಒಂದು ಹೆಲ್ಮೆಟ್ ಯಾರ ತಲೆಯ ಅಳತೆಯದು? ಹೆಲ್ಮೆಟ್ಟಿನ ಗುಟ್ಟು ಹೊರಗಿನ ಚಿಪ್ಪಿನಲ್ಲಿಲ್ಲ, ಒಳಗಿನ ಥರ್ಮಾಕೋಲಿನಲ್ಲಿದೆ. ಪೆಟ್ಟು ಬಿದ್ದಾಗ ಅದು ತಾನು ಜಜ್ಜಿಹೋಗಿ ಮೆದುಳಿಗೆ ತಟ್ಟುವ ರಭಸ ಕಡಿಮೆ ಮಾಡುತ್ತದೆ. ಅಮೆರಿಕದ ಲೊಂಬಾರ್ಡ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಜಜ್ಜಿಹೋಗುವ ಒಳಪದರದ ಈ ವಿಧಾನಕ್ಕೆ 1953ರಲ್ಲಿ ಪೇಟೆಂಟ್ ಪಡೆದರು. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎನ್ನುವ ನಮ್ಮ ಗಾದೆಯನ್ನೇ ಅವರು ಯಂತ್ರವಾಗಿಸಿದ ಹಾಗಿದೆ. ಒಮ್ಮೆ ಚಪ್ಪಟೆಯಾದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಜೋರಾಗಿ ಬಿದ್ದ ಹೆಲ್ಮೆಟ್, ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ, ಅದರ ಆಯಸ್ಸು ಮುಗಿಯಿತು.

ಇಬ್ಬರೂ ಅಂಗಡಿಗೆ ಹೋದೆವು. ಹುಬ್ಬಿನ ಮೇಲೆ, ಕಿವಿಯ ಮೇಲೆ, ತಲೆಯ ಸುತ್ತ ದರ್ಜಿಯ ಟೇಪು ಹಿಡಿದರೆ ಅವಳದು 55 ಸೆಂಟಿಮೀಟರು. ಅಂಗಡಿಯ ಹುಡುಗ 58ರದನ್ನು ತಂದು, "ಕೂದಲು ಉದ್ದ ಇದೆಯಲ್ಲಕ್ಕಾ, ಲೂಸ್ ಇದ್ರೆ ಒಳ್ಳೇದು" ಎಂದ. ಇಲ್ಲಿಯೇ ನಮ್ಮವರು ಮೋಸ ಹೋಗುವುದು. ತುರುಬಿಗೆ ಜಾಗ ಬಿಟ್ಟ ಹೆಲ್ಮೆಟ್ ಬಿದ್ದ ಕ್ಷಣದಲ್ಲಿ ತಲೆ ಬಿಟ್ಟು ಹಾರುತ್ತದೆ. ಬದಲಾಯಿಸಬೇಕಾದದ್ದು ತುರುಬನ್ನು. ನೆತ್ತಿಯ ತುರುಬು ಬಿಚ್ಚಿ ಕತ್ತಿನ ಹತ್ತಿರ ಸಡಿಲ ಜಡೆ ಹಾಕಿ, ಕ್ಲಿಪ್ಪು ಹೇರ್‌ಪಿನ್ನು ಎಲ್ಲ ತೆಗೆದು, ಜುಮುಕಿ ಕಳಚಿ ಪರ್ಸಿನಲ್ಲಿಟ್ಟು ಹಾಕಿ ನೋಡಬೇಕು. ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ತಲೆಯಾಡಿಸಿದರೆ ಹೆಲ್ಮೆಟ್ಟೂ ಜೊತೆಗೆ ಆಡಬೇಕು, ತಾನೊಂದೇ ತಿರುಗಬಾರದು. ಗಲ್ಲದ ಪಟ್ಟಿ ಬಿಗಿಯದ ಹೆಲ್ಮೆಟ್, ನೀರಿಲ್ಲದ ಕೊಡ. ಮಲ್ಲಿಗೆ ಮುಡಿಯುವುದು ಹೇಗೆ ಎಂದು ಕೇಳುವಿರಿ. ಊರು ತಲುಪಿದ ಮೇಲೆ ಮುಡಿಯಿರಿ, ಹೂವೂ ಬಾಡದೆ ಉಳಿಯುತ್ತದೆ. ಎಣ್ಣೆ ಬೆವರು ಹೀರಲು ಒಳಗೊಂದು ತೆಳು ಹತ್ತಿಬಟ್ಟೆ ಸಾಕು.

ಐ.ಎಸ್. 4151 ಎಂಬ ಸಂಖ್ಯೆ, ಐ.ಎಸ್.ಐ. ಗುರುತು ಎರಡನ್ನೂ ನೋಡಿಯೇ ಕೊಳ್ಳಬೇಕು. 2021ರ ಜೂನ್‌ನಿಂದ ಆ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಆದರೂ ರಸ್ತೆಬದಿಯಲ್ಲಿ ಬಟ್ಟಲಿನಂಥ ಅರ್ಧ ಹೆಲ್ಮೆಟ್ಟುಗಳ ರಾಶಿ ಕರಗಿಲ್ಲ. ಅವನ್ನು ಕೊಳ್ಳುವವರು ಹೆಚ್ಚಾಗಿ ಹಿಂದಿನ ಸೀಟಿನವರಿಗೆ ಕೊಳ್ಳುತ್ತಾರೆ. ಮುಂದಿನವನಿಗೆ ಎರಡು ಸಾವಿರದ್ದು, ಹಿಂದಿನವಳಿಗೆ ಪೊಲೀಸರಿಗೆ ತೋರಿಸುವಷ್ಟು. ಸರಿಯಾದ ಹೆಲ್ಮೆಟ್ ಸಾವಿನ ಸಂಭವವನ್ನು ಶೇಕಡಾ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವವನ್ನು ಶೇಕಡಾ 69ರಷ್ಟು ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು 2008ರಲ್ಲಿ ಹೇಳಿದ್ದಾರೆ. ಆ ಲೆಕ್ಕ ಎರಡೂ ಸೀಟುಗಳಿಗೆ ಸೇರಿದ್ದು.

ಮಿಕ್ಕದ್ದು ಬೇಗ ಹೇಳಿಬಿಡಬಹುದು. ಅಂಗೈ ಮುಚ್ಚುವ ಗ್ಲೌಸು ಬೇಕು, ಬೀಳುವಾಗ ಯಾರೇ ಆಗಲಿ ಮೊದಲು ಕೈಯೂರುತ್ತಾರೆ. ಹವಾಯಿ ಚಪ್ಪಲಿ ಬೇಡ, ಕಣಕಾಲು ಮುಚ್ಚುವ ಶೂ ಬೇಕು. ಚರ್ಮದ ಜಾಕೆಟ್ಟು ಚಳಿದೇಶದವರದು, ನಮ್ಮ ಬಿಸಿಲಿಗೆ ಭುಜ ಮೊಣಕೈಗಳಲ್ಲಿ ಮೆತ್ತೆಯಿರುವ ಜಾಲರಿ ಜಾಕೆಟ್ಟೇ ವಾಸಿ. ಪ್ಯಾಂಟಿನ ಬಗ್ಗೆ ಮಾತ್ರ ಅವಳಿಗೊಂದು ಕತೆ ಹೇಳಿದೆ. 1916ರಲ್ಲಿ ವಾನ್ ಬ್ಯೂರನ್ ಮನೆತನದ ಅಕ್ಕತಂಗಿಯರಿಬ್ಬರು 'ಇಂಡಿಯನ್' ಎಂಬ ಹೆಸರಿನ ಅಮೆರಿಕದ ಬೈಕುಗಳಲ್ಲಿ ಆ ದೇಶವನ್ನು ಅಡ್ಡಡ್ಡ ದಾಟಿದರು. ದಾರಿಯಲ್ಲಿ ಕೆಲವು ಊರುಗಳಲ್ಲಿ ಪೊಲೀಸರು ಹಿಡಿದು ನಿಲ್ಲಿಸಿದ್ದು ವೇಗಕ್ಕಲ್ಲ, ಗಂಡಸರ ಹಾಗೆ ಪ್ಯಾಂಟು ತೊಟ್ಟದ್ದಕ್ಕೆ! ಕೇಳಿ ಅವಳು ಬಿದ್ದುಬಿದ್ದು ನಕ್ಕಳು. ಅಂಗಡಿಯ ಹುಡುಗನೂ ನಕ್ಕ.

ಬಿಲ್ಲು ಬರೆಸುವಾಗ ಇನ್ನೊಂದು ಹೆಲ್ಮೆಟ್ ತೆಗೆಸಿದಳು, 56ರದು, ಅವಳ ಅಮ್ಮನಿಗೆ. ತಂಗಿ ಮೊದಲು, "ನಾನೇನು ದಿನಾ ಕೂರ್ತೀನಾ?" ಎಂದು ಗೊಣಗಿದಳು. ಈಗ ಶುಕ್ರವಾರ ದೇವಸ್ಥಾನಕ್ಕೆ ಹೊರಡುವ ಮೊದಲು ಕನ್ನಡಿಯ ಮುಂದೆ ಕೂತು ತುರುಬು ಬಿಚ್ಚಿ ಜಡೆ ಹಾಕಿಕೊಳ್ಳುತ್ತಾಳೆ. ಸೀರೆಯುಟ್ಟು ಎರಡೂ ಕಡೆ ಕಾಲು ಹಾಕುವುದು ಮಾತ್ರ ಇನ್ನೂ ಒಗ್ಗಿಲ್ಲ. ಒಂದೇ ಕಡೆ ಕೂತು, ಹಿಂದಿನ ಕಂಬಿಯನ್ನು ಬಲವಾಗಿ ಹಿಡಿದು, ಹಂಪು ಬಂದಾಗಲೆಲ್ಲ ಮಗಳ ಬೆನ್ನು ತಟ್ಟಿ ನಿಧಾನ ಮಾಡಿಸುತ್ತಾಳೆ.